ಭವ್ಯಳ ತಲೆ ಮುಟ್ಟಿ

ನಮ್ಮ ಯಜಮಾನರು ಕುಡಿಯುತ್ತಾರೆ ಎಂದು ಮಧುವನಹಳ್ಳಿಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. "ಶಿವಕುಮಾರಸ್ವಾಮಿಯೋರ್ಗೆ ಸೊಲ್ಪ ಉಸಾರಿಲ್ಲ" ಎನ್ನುತ್ತಿದ್ದರು. ಗದ್ದೆ, ಬಾಳೆತೋಟ, ಟ್ರ್ಯಾಕ್ಟರು ಇದ್ದು, ಮಠದ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನ ಕುರ್ಚಿ ಇರುವವರು ಬಿದ್ದರೆ ಅದಕ್ಕೆ ಹೆಸರೇ ಬೇರೆ. ಕೂಲಿಯವನು ಬಿದ್ದರೆ ಕುಡುಕ, ನಮ್ಮವರು ಬಿದ್ದರೆ ಹುಷಾರಿಲ್ಲ. ಥೂ, ಈ ನಾಟಕ ನೋಡಿ ನೋಡಿ ನನಗೆ ಸಾಕುಸಾಕಾಗಿತ್ತು.

ಈ ನಾಟಕಕ್ಕೆ ನಮ್ಮ ಅತ್ತೆ ಚನ್ನಾಜಮ್ಮನೇ ಯಜಮಾನಿ. ಮಗ ಪಂಪ್‌ಸೆಟ್ ಮನೆಯಲ್ಲಿ ಬಿದ್ದುಕೊಂಡಿದ್ದರೆ ಹುಷಾರಿಲ್ಲ. ಮದುವೆ ಮನೆಯಲ್ಲಿ ವಾಂತಿ ಮಾಡಿಕೊಂಡರೆ ಪಿತ್ತ. ನನ್ನ ಮೇಲೆ ಕೈ ಎತ್ತಿದರೆ, "ಕೋಮಲ, ನಿನ್ ಬಾಯಿ ಸುಮ್ಕಿದ್ದದಾ?" ಅದೇನೋ ನಿಜ. ನನ್ನ ಬಾಯಿ ಅವತ್ತೂ ಸುಮ್ಮನಿರಲಿಲ್ಲ, ಇವತ್ತೂ ಸುಮ್ಮನಿಲ್ಲ.

ಒಂದು ಬೆಳಿಗ್ಗೆ ಅವರು ಹಿತ್ತಲಲ್ಲಿ ಮುಖ ತೊಳೆಯುತ್ತಾ ರಕ್ತ ಕಾರಿಕೊಂಡರು. ನಮ್ಮ ಮಗಳು ಭವ್ಯ ಸ್ಕೂಲಿಗೆ ಹೊರಟವಳು ನೋಡಿಬಿಟ್ಟಳು. ಹತ್ತನೇ ಕ್ಲಾಸಿನ ಹುಡುಗಿ, ಅಪ್ಪನೆಂದರೆ ಪ್ರಾಣ. ಬ್ಯಾಗು ಎಸೆದು ಓಡಿ ಬಂದು ಅವರ ಬೆನ್ನು ಹಿಡಿದುಕೊಂಡಳು. ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಸ್ಕ್ಯಾನಿಂಗ್ ನೋಡಿ, ಅವರ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು.

"ಲಿವರ್ ಹೋಗ್ತಾ ಇದೆ ಕಣಮ್ಮ. ಇವತ್ತಿಂದ ಬಿಟ್ರೆ ಬದುಕ್ತಾರೆ. ಇನ್ನೊಂದ್ ಸಲ ಬಾಯಿಗೆ ಬಿಟ್ಕೊಂಡ್ರೆ ನಾನು ಅಂತಲ್ಲ, ಯಾರೂ ಉಳಿಸಕ್ಕಾಗಲ್ಲ."

ಆಚೆ ಬೆಂಚಿನ ಮೇಲೆ ಕೂತು ಅಳುತ್ತಿದ್ದಾಗ ನರ್ಸಮ್ಮ ಒಬ್ಬಳು ಪಕ್ಕದಲ್ಲಿ ಕೂತು ಹೇಳಿದಳು: ಕುಡಿತ ಬಿಟ್ಟವರೇ ವಾರವಾರ ಸೇರಿ ಮೀಟಿಂಗು ಮಾಡುತ್ತಾರಂತೆ, ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರಂತೆ, ಅವಳ ಚಿಕ್ಕಪ್ಪ ಅಲ್ಲಿಗೆ ಹೋಗಿಯೇ ಬಿಟ್ಟನಂತೆ. ಆದರೆ ಆ ಚಿಕ್ಕಪ್ಪ ಹೋಗುತ್ತಿದ್ದದ್ದು ಯಳಂದೂರಿನ ಮೀಟಿಂಗಿಗೆ.

ಯಳಂದೂರಿಗೆ ಹೋದೆವು. ಬಿತ್ತನೆ ಬೀಜದ ಅಂಗಡಿಯ ಮೇಲಿನ ರೂಮು, ಬೀಗ ಹಾಕಿತ್ತು. ಕೆಳಗಿನ ಅಂಗಡಿಯವನನ್ನು ಕೇಳಿದರೆ ಅವನು ಹಲ್ಲು ಕಿರಿದು, "ಅದಾ? ಅದು ನಿಂತೋಗದೆ ಕಣವ್ವ. ನಡಸ್ತಿದ್ದೋರೇ ತಿರ್ಗಾ ಶುರು ಹಚ್ಕಂಡ್ರು" ಎಂದ. ಆ ಬೇವಾರ್ಸಿಯ ಜೊತೆ ನಮ್ಮವರೂ ನಕ್ಕರು. ಎಷ್ಟೋ ವಾರದ ಮೇಲೆ ಅವರು ನಕ್ಕಿದ್ದು ಅದಕ್ಕೆ.

ಹನೂರಿನಲ್ಲಿ ಸ್ಕೂಲಿನ ಒಂದು ಕೋಣೆಯಲ್ಲಿ ನಡೆಯುತ್ತದೆ ಎಂದು ಯಾರೋ ಹೇಳಿದರು. ಅಲ್ಲಿಗೂ ಹೋದೆವು. ಗೇಟಿನ ತನಕ ಬಂದವರು ಎದುರಿನ ಟೀ ಅಂಗಡಿಯಲ್ಲಿ ತಮ್ಮ ಸೋದರಮಾವನ ಮಗನನ್ನು ಕಂಡು ತಟ್ಟನೆ ತಿರುಗಿಬಿಟ್ಟರು. "ಅವ್ನು ನೋಡಿದ್ರೆ ಊರೆಲ್ಲ ಡಂಗೂರ ಒಡೀತಾನೆ ಕಣೆ." ವೈನ್ ಶಾಪಿನ ಮುಂದೆ ನಿಲ್ಲುವಾಗ ಇಲ್ಲದ ನಾಚಿಕೆ ಸ್ಕೂಲಿನ ಮುಂದೆ ಬಂತು! ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನ ತಿರುಗಿ ನೋಡುವ ಹಾಗೆ ಬೈದೆ. ಅವರು ತಲೆ ತಗ್ಗಿಸಿ ಬೈಸಿಕೊಂಡರು. ಅದನ್ನು ನೋಡಲಾಗದೆ ಒಂದು ಎಳನೀರು ಕೊಡಿಸಿದೆ.

ಕೊನೆಗೆ ಸಿಕ್ಕಿದ್ದು ಕೊಳ್ಳೇಗಾಲದಲ್ಲೇ, ಅದೂ ಆ ಆಸ್ಪತ್ರೆಯಿಂದ ಎರಡು ಬೀದಿ ಆಚೆಗೆ. ಹನೂರಿನ ಸ್ಕೂಲಿನ ಗೇಟಿಗೆ ಅಂಟಿಸಿದ್ದ ಚೀಟಿಯಿಂದ ನಾನು ಬರೆದುಕೊಂಡಿದ್ದ ನಂಬರಿಗೆ ಫೋನು ಮಾಡಿದರೆ ಎತ್ತಿದವನು ಗುರುಪ್ರಕಾಶ್, ರೇಷ್ಮೆ ಸೀರೆ ನೇಯುವವನು. ತನ್ನ ಮಗ್ಗದ ಮನೆಯಲ್ಲೇ ಭಾನುವಾರ ಬೆಳಿಗ್ಗೆ ಮೀಟಿಂಗು ನಡೆಸುತ್ತಿದ್ದ. ಭಾನುವಾರ ಮಗ್ಗಕ್ಕೆ ರಜ. ಮಗ್ಗಗಳ ನಡುವೆ ಚಾಪೆ ಹಾಸಿ ಕೂರುವುದು, ಚಪ್ಪಲಿ ಬಾಗಿಲಾಚೆ ಬಿಡುವುದು, ಒಳಗೆ ಕೇಳಿದ್ದನ್ನು ಆಚೆ ಆಡಬಾರದು. ಅಷ್ಟೇ ಕಾನೂನು. ನನ್ನಂಥ ಹೆಂಗಸರು ಜಗುಲಿಯ ಮೇಲೆ ಕೂರಬಹುದಿತ್ತು. ಒಳಗಿನ ಮಾತು ನಮಗೆ ಚೆನ್ನಾಗಿ ಕೇಳಿಸುತ್ತಿತ್ತು.

"ನನ್ ಎಸ್ರು ಗುರುಪ್ರಕಾಶ್. ನಾನೊಬ್ಬ ಕುಡುಕ" ಎಂದು ಅವನೇ ಶುರು ಮಾಡಿದ. ಒಬ್ಬೊಬ್ಬರಾಗಿ ಹಾಗೇ ಹೇಳಿದರು. ನಮ್ಮವರ ಸರದಿ ಬಂತು. ಕೆಮ್ಮಿದರು. ಶಲ್ಯ ಸರಿಮಾಡಿಕೊಂಡರು.

"ನಾನು ಮಧುವನಹಳ್ಳಿ ಶಿವಕುಮಾರಸ್ವಾಮಿ. ನನ್ಗೆ... ಸೊಲ್ಪ ಉಸಾರಿಲ್ಲ."

"ನಮ್ಗೂ ಅಂಗೇ ಉಸಾರಿರ್ಲಿಲ್ಲ ಕಣಣ್ಣ" ಎಂದ ಗುರುಪ್ರಕಾಶ್. ಎಲ್ಲರೂ ಗೊಳ್ಳೆಂದರು. ಜಗುಲಿಯ ಮೇಲೆ ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ನಮ್ಮವರು ಸಿಟ್ಟು ಮಾಡಿಕೊಂಡು ಎದ್ದು ಬರುತ್ತಾರೆ ಅಂದುಕೊಂಡೆ, ಬರಲಿಲ್ಲ. ಟೀ ಕುಡಿದೇ ಬಂದರು.

ಮುಂದಿನ ವಾರವೂ ಹೋದರು, ಅದರ ಮುಂದಿನ ವಾರವೂ ಹೋದರು. ಕುಡಿಯಬೇಕು ಅನ್ನಿಸಿದಾಗ ಗುರುಪ್ರಕಾಶನಿಗೆ ಫೋನು ಮಾಡುತ್ತಿದ್ದರು. ಅವನು ಮಗ್ಗದ ಸದ್ದಿನ ನಡುವೆಯೇ ಮಾತಾಡುತ್ತಿದ್ದ. "ಇವತ್ತೊಂದ್ ದಿನ ಬ್ಯಾಡ ಬುಡಣ್ಣ. ನಾಳೆದು ನಾಳಿಕೆ ನೋಡ್ಕಳವ." ಒಂದು ಭಾನುವಾರ ಜಗುಲಿಯ ಮೇಲೆ ಕೂತಿದ್ದಾಗ ಒಳಗಿಂದ ನಮ್ಮವರ ದನಿ ಕೇಳಿಸಿತು. "ನನ್ ಎಸ್ರು ಶಿವಕುಮಾರಸ್ವಾಮಿ. ನಾನೊಬ್ಬ ಕುಡುಕ." ನನಗೆ ಅಳು ತಡೆಯಲಾಗಲಿಲ್ಲ. ತಾಳಿ ಕಟ್ಟಿದಾಗಿನಿಂದ ಆ ಮನುಷ್ಯ ಆಡಿದ ಮೊದಲ ನಿಜ ಅದು ಅನ್ನಿಸಿತು.

ಆಮೇಲೆ ಒಂದು ಸಂಜೆ ಬಿದ್ದರು. ಯಾರದೋ ಬೀಗರ ಊಟಕ್ಕೆ ಹೋದವರು ಕುಡಿದು ಬಂದರು. ರಕ್ತ ಬರಲಿಲ್ಲ, ಸದ್ಯ. ನಾನು ಅರಚಾಡಿದೆ. ಭಾನುವಾರ ತಾವೇ ಎದ್ದು ಸ್ನಾನ ಮಾಡಿ ಬಸ್ಸು ಹತ್ತಿದರು, ನಾನೂ ಹಿಂದೆಯೇ ಹತ್ತಿದೆ. ಗುರುಪ್ರಕಾಶ್ ಚೆನ್ನಾಗಿ ಉಗಿಯಲಿ ಎಂದು ಕಾದು ಕೂತಿದ್ದೆ. ಅವನು ಉಗಿಯಲಿಲ್ಲ. "ಬಂದ್ಯಲ್ಲ ಬುಡಣ್ಣ. ಕೂತ್ಕೊ, ಟೀ ಕುಡಿ" ಎಂದ.

ನನ್ನ ಮೈಯೆಲ್ಲ ಉರಿದುಹೋಯಿತು. ಮೀಟಿಂಗು ಮುಗಿದ ಮೇಲೆ ಅವನನ್ನು ತಡೆದು ನಿಲ್ಲಿಸಿದೆ. "ಕುಡ್ದು ಬಂದೋರ್ಗೆ ಟೀ ಕೊಡ್ತಿರಲ್ಲ, ಇದೇನು ಬೀಗರ ಮನೆಯಾ?"

"ಇನ್ನೇನ್ ಕೊಡಾನ ಅಕ್ಕ?" ಎಂದ. "ಒದೆ ಕೊಟ್ರೆ ಮುಂದಿನ್ ಸಲ ಬರಲ್ಲ. ಬರ್ದೋದ್ರೆ ಸಾಯ್ತರೆ."

ಸಿಟ್ಟಿನಲ್ಲೇ ಮನೆಗೆ ಬಂದೆ. ಆದರೆ ಬಸ್ಸಿಳಿಯುವಷ್ಟರಲ್ಲಿ ಆ ಮಾತು ತಲೆಯಲ್ಲಿ ಕೂತಿತ್ತು.

ಅತ್ತೆಯ ತಲೆಯಲ್ಲಿ ಕೂತಿದ್ದೇ ಬೇರೆ. ಅವರು ಮಗನ ಮೀಟಿಂಗಿನ ವಿಷಯ ಮೊದಲೇ ಬಲ್ಲರು, ಮೂಗು ಮುರಿದಿದ್ದರು. ಈಗ ಪಟ್ಟು ಹಿಡಿದು ಕೂತರು. "ನೇಯೋರ್ ಮನೆ ಚಾಪೆ ಮೇಲೆ ಕೂತು ಕುಡುಕ ಕುಡುಕ ಅಂದ್ಕಂಡ್ರೆ ಬುಟ್ಬುಡ್ತನಾ? ಮಾದಪ್ಪನ ಮುಂದೆ ಮಗಳ ತಲೆ ಮುಟ್ಟಿ ಆಣೆ ಮಾಡ್ಲಿ. ಅದೆಂಗ್ ಕುಡೀತನೆ ನೋಡ್ತಿನಿ."

ನಮ್ಮ ಕಡೆ ಇದು ಹೊಸದಲ್ಲ. ಕುಡಿಯುವ ಗಂಡಸನ್ನು ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಕರ್ಪೂರ ಹಚ್ಚಿ ಆಣೆ ಮಾಡಿಸುತ್ತಾರೆ. ಎಷ್ಟೋ ಜನ ಬಿಟ್ಟಿದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಮಗುವಿನ ತಲೆ ಯಾಕೆ? ನಾನು ಜಗಳ ಆಡಿದೆ, ಉಪವಾಸ ಕೂತೆ. ನನ್ನ ಮಾತು ಆ ಮನೆಯಲ್ಲಿ ಯಾವತ್ತು ನಡೆದಿತ್ತು? ಅಮಾವಾಸ್ಯೆಯ ಬಸ್ಸಿನಲ್ಲಿ ನಾಲ್ಕೂ ಜನ ನಿಂತುಕೊಂಡೇ ಮಹದೇಶ್ವರ ಬೆಟ್ಟಕ್ಕೆ ಹೋದೆವು.

ದರ್ಶನ ಮುಗಿಸಿ ಆಚೆ ಬಂದ ಮೇಲೆ ಅತ್ತೆ ನೆಲದ ಮೇಲೆ ಕರ್ಪೂರ ಹಚ್ಚಿದರು. ಅದೇ ದಾರಿಯಲ್ಲಿ ಹೋಗುತ್ತಿದ್ದ ಪೂಜಾರಿ ತಮ್ಮಡಿಯೊಬ್ಬರು ನೋಡಿ ನಿಂತರು. "ಮಗೀನ ತಲೆ ಯಾಕವ್ವ? ಅವ್ನ ಆಣೆ ಅವ್ನ ಮೇಲೇ ಇಟ್ಕಳ್ಲಿ."

"ಅವ್ನ ಮೇಲೆ ಅವ್ನಿಗೇನ್ ಬೆಲೆ ಅದೆ ಸ್ವಾಮಿ? ಮಗಳ ಮೇಲಾದ್ರೆ ಎದ್ರಿಕೆ ಇರ್ತದೆ" ಎಂದರು ಅತ್ತೆ. ತಮ್ಮಡಿ ತಲೆ ಅಲ್ಲಾಡಿಸಿಕೊಂಡು ಹೋದರು.

ನಾನು ಭವ್ಯಳ ರಟ್ಟೆ ಹಿಡಿದು ಎಳೆದೆ. ಅವಳು ಕೈ ಬಿಡಿಸಿಕೊಂಡಳು.

"ಬುಡಮ್ಮ. ನಾನೇ ಅಜ್ಜಿಗೆ ಊಂ ಅಂದಿದ್ದು. ಅಪ್ಪಂಗೆ ನನ್ ಕಂಡ್ರೆ ಆಸೆ ಅಲ್ವಾ? ನನ್ ಮೇಲೆ ಆಣೆ ಇಟ್ರೆ ಕುಡಿಯಲ್ಲ."

ಹುಡುಗಿ ತಾನಾಗಿಯೇ ಹೋಗಿ ಅಪ್ಪನ ಮುಂದೆ ತಲೆ ಬಗ್ಗಿಸಿ ನಿಂತಳು. ಅವರು ಕೈ ಇಟ್ಟರು. "ಮಾದಪ್ಪ, ಇನ್ ಮುಂದೆ ಒಂದ್ ತೊಟ್ಟು ಮುಟ್ಟಿದ್ರೆ ನನ್ ಮಗಳು..." ಎಂದು ನಿಲ್ಲಿಸಿದರು. "ನನ್ ಮಗಳು ನನ್ಗಿಲ್ಲ ಅನ್ನು" ಎಂದು ಅತ್ತೆ ಹೇಳಿಕೊಟ್ಟರು. ಅವರು ಅಂದರು.

ಅಂದಿನಿಂದ ಮೀಟಿಂಗು ನಿಂತಿತು. "ಆಣೆ ಆಯ್ತಲ್ಲ. ಇನ್ನೂ ಯಾಕೆ ವಾರವಾರ ಓಗಿ ಎದೆ ಬಡ್ಕಳ್ಲಿ?" ಎಂದರು ನಮ್ಮವರು. ಗುರುಪ್ರಕಾಶನ ಫೋನು ಎತ್ತುವುದನ್ನೂ ಬಿಟ್ಟರು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಅತ್ತೆ ಬೀದಿಯ ಹೆಂಗಸರಿಗೆ ಮಗನಿಗೆ ಹುಷಾರಾದ ಕಥೆ ಹೇಳಿದ್ದೇ ಹೇಳಿದ್ದು. ನನಗೆ ಮಾತ್ರ ಸಮಾಧಾನವಿಲ್ಲ. ಭವ್ಯ ಸೀನಿದರೆ ಅವರು ಎದ್ದು ನಿಲ್ಲುತ್ತಿದ್ದರು. ಸ್ಕೂಲಿಂದ ಬರುವುದು ಸ್ವಲ್ಪ ತಡವಾದರೆ ಬಸ್ ಸ್ಟಾಪಿಗೆ ಓಡುತ್ತಿದ್ದರು. ಮೊದಲು ಮಗಳ ಜಡೆ ಎಳೆದು ರೇಗಿಸುತ್ತಿದ್ದ ಮನುಷ್ಯ, ಈಗ ಅವಳ ತಲೆಯ ಕಡೆ ಕಣ್ಣೆತ್ತಿ ನೋಡುತ್ತಿರಲಿಲ್ಲ.

ತಡೆಯಲಾರದೆ ನಾನೊಬ್ಬಳೇ ಮಗ್ಗದ ಮನೆಗೆ ಹೋದೆ. ಗುರುಪ್ರಕಾಶ್ ಮಗ್ಗ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ.

"ಆಣೆ ತಪ್ಪಂತ ನಾ ಅನ್ನಲ್ಲ ಅಕ್ಕ. ನಾನೂ ಬೆಟ್ಟುಕ್ ಓಗಿ ಮಾಡಿದ್ದೆ. ಮುರ್ದೆ. ಆಣೆ ಮುರ್ದ ದಿನ ಎಲ್ಲಿಗ್ ಓಗ್ಬೇಕು ಅಂತ ಮನ್ಸನ್ಗೆ ಗೊತ್ತಿರ್ಬೇಕು. ಅಣ್ಣಂಗೆ ಏಳಿ, ಯಾವತ್ತಾದ್ರೂ ಸರಿ, ಏನಾದ್ರೂ ಸರಿ, ಬಾ ಅಂತ."

ಮನೆಗೆ ಬಂದು ಹೇಳಿದೆ. ಅವರು ಬಾಳೆಗೊನೆ ಎಣಿಸುವ ನೆಪ ಮಾಡಿ ತೋಟಕ್ಕೆ ಹೋದರು.

ಮಳೆಗಾಲ ಶುರುವಾದ ಮೇಲೆ ಊರಿನಲ್ಲಿ ಜ್ವರ ಎದ್ದಿತು. ಬೀದಿಗೆ ಇಬ್ಬರು ಮೂವರು ಮಲಗಿದರು. ಭವ್ಯಳಿಗೂ ಬಂತು. ಮಾತ್ರೆಗೆ ಬಗ್ಗಲಿಲ್ಲ, ಮೈಮೇಲೆ ಕೆಂಪು ಚುಕ್ಕೆ ಎದ್ದವು. ಕೊಳ್ಳೇಗಾಲದಲ್ಲಿ ಅಡ್ಮಿಟ್ ಮಾಡಿದರು. ಡೆಂಗಿ, ಪ್ಲೇಟ್‌ಲೆಟ್ ಇಳಿಯುತ್ತಿದೆ, ಇನ್ನೂ ಇಳಿದರೆ ಮೈಸೂರಿಗೆ ಸಾಗಿಸಬೇಕು ಎಂದರು. ಅವರು ಮಂಚದ ಹತ್ತಿರ ಬರಲೇ ಇಲ್ಲ. ವಾರ್ಡಿನ ಬಾಗಿಲಲ್ಲೇ ನಿಂತಿದ್ದರು.

ಭಾನುವಾರ ಬೆಳಿಗ್ಗೆ ನನ್ನನ್ನು ಆಚೆಗೆ ಕರೆದರು. ಮುಖದಲ್ಲಿ ರಕ್ತವಿರಲಿಲ್ಲ.

"ನಾನ್ ಕುಡ್ದಿದ್ದೆ ಕಣೆ ಕೋಮಲ. ಅವ್ಳ್ಗೆ ಜ್ವರ ಬರೋಕ್ ಮುಂಚೆ. ಪಂಪ್‌ಸೆಟ್ ಮನೇಲಿ. ಒಂದೇ ಒಂದ್ ಕ್ವಾರ್ಟರು. ಯಾರ್ಗೂ ಗೊತ್ತಿಲ್ಲ. ಮಾದಪ್ಪಂಗೆ ಗೊತ್ತು."

ಬೇರೆ ದಿನವಾಗಿದ್ದರೆ ನಾನು ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದೆ. ಅವತ್ತು ಹೊಡೆಯಲಿಲ್ಲ. ಹೊಡೆಯುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

"ಊರೆಲ್ಲ ಡೆಂಗಿ ಬಂದದೆ. ಪಕ್ಕದ್ ಮನೆ ಗೋವಿಂದಮ್ಮುನ್ಗೂ ಬಂದದೆ, ಅವ್ಳ್ ತಲೆ ಮೇಲೆ ಯಾರ್ ಆಣೆ ಮಾಡಿದ್ರು? ಸೊಳ್ಳೆ ಕಚ್ಚಿ ಬಂದಿರೋದು ಕಣ್ರೀ" ಎಂದೆ. ಅವರ ಕೈ ಹಿಡಿದುಕೊಂಡೆ. "ಇವತ್ತು ಭಾನ್ವಾರ. ಗುರುಪ್ರಕಾಶನ ಮನೆ ಇಲ್ಲೇ ಅದೆ. ಓಗಿ ಕೂತ್ಕಳಿ. ಇಷ್ಟೇ, ನನ್ಗೇಳಿದ್ದನ್ನ ಅಲ್ಲೂ ಏಳಿ. ಇಲ್ಲಿ ನಾನ್ ನೋಡ್ಕತಿನಿ."

"ಅವ್ರು ಸೇರುಸ್ಕತರೆ ಕಣೆ. ಮಾದಪ್ಪ ಸೇರುಸ್ಕತನಾ?"

"ಮಾದಪ್ಪ ನಿಮ್ಮವ್ವನ್ ತರ ಅಲ್ಲ" ಎಂದೆ. ಆ ಮಾತಿಗೆ ಅವರಿಗೆ ಚೂರು ನಗು ಬಂದ ಹಾಗೆ ಕಂಡಿತು. ತಲೆ ಆಡಿಸಿ ಮೆಟ್ಟಿಲಿಳಿದರು. ಕಿಟಕಿಯಿಂದ ನೋಡಿದೆ, ಮಗ್ಗದ ಬೀದಿಯ ಕಡೆಗೇ ತಿರುಗಿದರು. ಅಬ್ಬಾ ಎಂದು ಉಸಿರು ಬಿಟ್ಟೆ. ಅವತ್ತು ಹಸಿವಾಗಿ, ಕ್ಯಾಂಟೀನಿನಿಂದ ಇಡ್ಲಿ ತರಿಸಿ ತಿಂದೆ.

ಮಧ್ಯಾಹ್ನವಾಯಿತು, ಸಂಜೆಯಾಯಿತು, ಅವರು ಬರಲಿಲ್ಲ. ಫೋನು ಸ್ವಿಚ್ ಆಫ್. ಗುರುಪ್ರಕಾಶನಿಗೆ ಮಾಡಿದೆ. "ಅಣ್ಣ ಬರ್ಲೇ ಇಲ್ವಲ್ಲ ಅಕ್ಕ" ಎಂದ. ಆಮೇಲೆ ಹೇಳಿದ. "ಮೀಟಿಂಗ್ ಮುಗುದ್ ಮೇಲೆ ಎಲ್ರೂ ಚಪ್ಪಲಿ ಮೆಟ್ಕಂಡ್ ಓದ್ರು. ಒಂದ್ ಜೊತೆ ಮಿಕ್ಬುಡ್ತು. ಯಾರ್ದು ಅಂತ ನೋಡ್ತಿದ್ದೆ. ಕಂದು ಬಣ್ಣುದ್ದು, ಎಡಗಾಲ್ ಪಟ್ಟಿ ವಲ್ದದೆ."

ಆ ಪಟ್ಟಿ ಹೊಲಿಸಿದವಳು ನಾನೇ. ಬಾಗಿಲ ತನಕ ಹೋಗಿದ್ದಾರೆ, ಚಪ್ಪಲಿ ಬಿಟ್ಟಿದ್ದಾರೆ, ಒಳಗೆ ಹೆಜ್ಜೆ ಇಡಲಾಗಿಲ್ಲ. ಬರಿಗಾಲಲ್ಲಿ ಹೊರಟಿದ್ದಾರೆ. ನಮ್ಮ ಕಡೆಯವರು ಬರಿಗಾಲಲ್ಲಿ ಹೊರಟರೆ ಅದು ಮಾದಪ್ಪನ ಬೆಟ್ಟಕ್ಕೇ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗುರುಪ್ರಕಾಶನೂ ಇನ್ನಿಬ್ಬರೂ ಬೈಕು ತೆಗೆದುಕೊಂಡು ಹನೂರು ದಾರಿಯಲ್ಲಿ ಹುಡುಕಿಕೊಂಡು ಹೋದರು. ಸಿಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಭವ್ಯಳ ಪ್ಲೇಟ್‌ಲೆಟ್ ಏರಿತು. ಡಾಕ್ಟರು ನಗುತ್ತಾ, "ಗಂಡಾಂತರ ಕಳೀತು ಕಣಮ್ಮ" ಎಂದರು. ಅದೇ ಮಧ್ಯಾಹ್ನ ರಾಮಾಪುರದಿಂದ ಪೊಲೀಸರ ಫೋನು ಬಂತು. ರಾಮಾಪುರ ದಾಟಿ ಬೆಟ್ಟದ ರಸ್ತೆಯ ಪಕ್ಕ, ಒಂದು ಹುಣಸೆ ಮರದ ಕೆಳಗೆ ಬಿದ್ದಿದ್ದರಂತೆ. ಬಾಯಿಂದ ರಕ್ತ ಹೋಗಿ ಹೋಗಿ ಸತ್ತಿದ್ದರು. ಅಂಗಾಲು ಎರಡೂ ಒಡೆದಿದ್ದವು. ಪಕ್ಕದಲ್ಲಿ ಕುಡಿದು ಬಿಸಾಡಿದ ಪ್ಯಾಕೆಟ್ಟುಗಳು. ಜೇಬಿನಲ್ಲಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ನಾಣ್ಯ, ಮಾದಪ್ಪನಿಗೆ ತಪ್ಪುಕಾಣಿಕೆ. ಕೊಡುವುದಕ್ಕೆ ಹೊರಟವರು ದಾರಿಯಲ್ಲಿ ತಡೆದುಕೊಳ್ಳಲಾಗದೆ ಮತ್ತೆ ಕುಡಿದರು. ಮಗಳು ಬದುಕಿದಳು ಎಂಬುದು ಆ ಮನುಷ್ಯನಿಗೆ ಗೊತ್ತೇ ಆಗಲಿಲ್ಲ.

ತೋಟದಲ್ಲಿ ಮಣ್ಣು ಮಾಡಿದೆವು. ಮನೆ ತುಂಬ ನೆಂಟರು. ಮಗ ಕುಡಿದಿದ್ದನ್ನು ನಾನು ಅತ್ತೆಗೆ ಹೇಳಿದ್ದೆ, ಯಾಕೆ ಹೇಳಿದೆನೋ. ಅವರು ಬಂದವರಿಗೆಲ್ಲ ಎದೆ ಬಡಿದುಕೊಂಡು ಹೇಳತೊಡಗಿದರು: "ಮಾದಪ್ಪ ಮಗಳ ಬದ್ಲು ಅಪ್ಪನ್ನ ತಕಂಡ ಕಣ್ರವ್ವ! ಆಣೆ ಮುರುದ್ನಲ್ಲ, ಅವ್ಳ ತಲೆಗ್ ಬಂದಿದ್ದು ಇವ್ನ ತಲೆಗ್ ಓಯ್ತು. ಮಗಳ್ನ ಉಳುಸ್ಕಂಡ್ ಓದ ನನ್ ಕಂದ!" ಕೇಳಿದವರೆಲ್ಲ ಲೊಚಗುಟ್ಟುತ್ತಾ ಭವ್ಯಳ ಕಡೆ ನೋಡಿದರು. ಆಸ್ಪತ್ರೆಯಿಂದ ಬಂದ ಹುಡುಗಿ ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡಳು.

ನನಗೆ ಎಲ್ಲಿತ್ತೋ ಸಿಟ್ಟು.

"ಬಾಯ್ ಮುಚ್ಚಿ ಅತ್ತೆ! ಮಾದಪ್ಪನ್ಗೆ ಬೇರೆ ಕೆಲ್ಸ ಇಲ್ವಾ? ಕುಡ್ದು ಸತ್ರು. ಕೇಳಿಸ್ತಾ ಎಲ್ರಿಗೂ? ಉಸಾರಿಲ್ದೆ ಅಲ್ಲ, ಕುಡ್ದು! ಲಿವರ್ ಓಗಿತ್ತು, ಡಾಕ್ಟ್ರು ಏಳಿದ್ರು. ನಿಮ್ಗೂ ಗೊತ್ತಿತ್ತು!"

ಒಬ್ಬರೂ ತಲೆ ಎತ್ತಲಿಲ್ಲ. ಯಾರೋ ಹೆಂಗಸು, "ಪಾಪ, ದುಃಖಕ್ಕೆ ಏನೇನೋ ಮಾತಾಡ್ತಳೆ" ಎಂದಳು.

ಆವತ್ತಿನಿಂದ ಭವ್ಯ ತಲೆ ಮುಟ್ಟಗೊಡುವುದಿಲ್ಲ. ಎಣ್ಣೆ ಹಚ್ಚಲು ಹೋದರೆ ಕೈ ತಳ್ಳುತ್ತಾಳೆ. ಜಡೆ ಹಾಕಬೇಡ ಅನ್ನುತ್ತಾಳೆ. ಕೂದಲು ಸಿಕ್ಕುಗಟ್ಟಿ ದುಪ್ಪಟ್ಟದೊಳಗೆ ಮುದುಡಿಕೊಂಡಿತು. ಸ್ಕೂಲಿಗೆ ಹೋಗಲಿಲ್ಲ, ಅಳಲೂ ಇಲ್ಲ. ಒಂದು ದಿನ ನಾನು ಬಾಚಣಿಗೆ ಹಿಡಿದು ಬಲವಂತ ಮಾಡಿದಾಗ ಕಿರುಚಿದಳು. "ನಾನೇ ಕಣಮ್ಮ ತಲೆ ಕೊಟ್ಟಿದ್ದು! ನಾನ್ ಬಗ್ಗದೆ ಇದ್ದಿದ್ರೆ ಅಪ್ಪ ಆಣೆ ಮಾಡ್ತಿರ್ಲಿಲ್ಲ, ಸಾಯ್ತಿರ್ಲಿಲ್ಲ!" ನಾನು ಅಲ್ಲ ಅಲ್ಲ ಎಂದು ಸಾವಿರ ಹೇಳಿದೆ. ತಾಯಿಯ ಮಾತಿಗೆ ಏನು ಬೆಲೆ? ತಾಯಿ ಹೇಳುವುದೇ ಹಾಗೆ ಎಂದು ಮಕ್ಕಳಿಗೆ ಗೊತ್ತಿರುತ್ತದೆ.

ಕಳೆದ ಭಾನುವಾರ ಅವಳನ್ನು ಹೊರಡಿಸಿಕೊಂಡು ಕೊಳ್ಳೇಗಾಲಕ್ಕೆ ಹೋದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು, "ಸತ್ ಮೇಲೂ ಮಾನ ಕಳೀತಿಯಾ?" ಎಂದರು. ಪಕ್ಕಕ್ಕೆ ಸರಿಸಿ ಹೋದೆ.

ಮಗ್ಗದ ಮನೆಯ ಬಾಗಿಲಲ್ಲಿ ಚಪ್ಪಲಿಗಳ ಸಾಲು. ಗೋಡೆಯ ಕಡೆಯ ಕೊನೆಯಲ್ಲಿ ಕಂದು ಬಣ್ಣದ ಜೊತೆ ಹಾಗೇ ಇತ್ತು, ಧೂಳು ಒರೆಸಿ ಇಟ್ಟಿದ್ದರು. ಭವ್ಯ ಅದನ್ನು ನೋಡುತ್ತಾ ನಿಂತುಬಿಟ್ಟಳು. ಗುರುಪ್ರಕಾಶ್ ಎದ್ದು ಬಾಗಿಲಿಗೆ ಬಂದ. ಅವಳೇ ಕೇಳಿದಳು.

"ಅಪ್ಪ ಅವತ್ತು ಕುಡ್ದಿದ್ರು. ನನ್ ಮೇಲೆ ಆಣೆ ಮಾಡಿ ಮುರ್ದಿದ್ರು. ಅಂಗೇ ಒಳಿಕ್ ಬಂದಿದ್ರೆ ನೀವೇನ್ ಮಾಡ್ತಿದ್ರಿ?"

ಒಳಗೆ ಕೂತವರೆಲ್ಲ ಇತ್ತ ತಿರುಗಿದ್ದರು. ಗುರುಪ್ರಕಾಶ್ ಒಂದು ಸಲ ಆ ಚಪ್ಪಲಿ ನೋಡಿದ, ಒಂದು ಸಲ ಹುಡುಗಿಯನ್ನು ನೋಡಿದ.

"ಟೀ ಕೊಡ್ತಿದ್ವಿ ಕಣವ್ವ" ಎಂದ.

ಭವ್ಯ ಅಲ್ಲೇ ಹೊಸಿಲ ಮೇಲೆ ಕುಸಿದು ಕೂತಳು. ಅಪ್ಪ ಹೋದ ಮೇಲೆ ಮೊದಲ ಸಲ ಬಾಯಿ ಬಿಟ್ಟು ಅತ್ತಳು. ನಾನು ಪಕ್ಕದಲ್ಲಿ ಕೂತೆ. ತಲೆ ನೇವರಿಸಬೇಕೆಂದು ಕೈ ಎತ್ತಿದೆ, ಅವಳು ತಲೆ ಸರಿಸಿದಳು. ಕೈಯನ್ನು ಅವಳ ಬೆನ್ನ ಮೇಲೆ ಇಟ್ಟುಕೊಂಡು ಕೂತೆ.